ಮಾಸ್ತರನ ಮಡಿಲಲ್ಲಿ ಒಂಬತ್ತು ಲಿಂಗ

೧೯೩೬ರ ಸೆಪ್ಟೆಂಬರಿನ ಒಂದು ರವಿವಾರ ಸೊಲ್ಲಾಪುರದ ನವಿ ಪೇಠ ಫುಟ್‌ಬಾಲ್ ಮಂಡಳಿ ಬಟ್ಟೆ ಗಿರಣಿಯೊಂದರ ತಂಡದ ಕೈಯಲ್ಲಿ ಐದು ಗೋಲುಗಳಿಂದ ಸೋತಿತು. ಮಂಡಳಿಯ ಹುಡುಗರು ಒಂದನ್ನೂ ಹೊಡೆಯಲಿಲ್ಲ. ಸೋಲು ಹೊಸದಾಗಿರಲಿಲ್ಲ, ನಾಲ್ಕು ವರ್ಷಗಳಿಂದ ಸೋಲುತ್ತಲೇ ಬಂದಿದ್ದರು. ಆದರೆ ಈ ಸಲ ಗಿರಣಿಯ ಕಡೆ ಆಡಿದವರಲ್ಲಿ ಇಬ್ಬರು ನವಿ ಪೇಠೆಯವರೇ ಆಗಿದ್ದರು, ಮಂಡಳಿ ಬಿಟ್ಟು ಹೋದವರು. ಅದನ್ನು ಪೇಠೆಯ ಜನಕ್ಕೆ ನುಂಗಿಕೊಳ್ಳಲು ಆಗಲಿಲ್ಲ.

ಮರುದಿನ ಮಧ್ಯಾಹ್ನ ರಾಚಪ್ಪನ ಅರಿವೆ ಅಂಗಡಿಯ ಗಾದಿಯ ಮೇಲೆ ಅದೇ ಮಾತು ನಡೆಯಿತು. ರಾಚಪ್ಪ ಮಂಡಳಿಯ ಅಧ್ಯಕ್ಷ. ಮಾತು ಕಡಿಮೆ. ಗಿರಾಕಿಗಳಿಲ್ಲದ ಹೊತ್ತಿನಲ್ಲೂ ಗಜಕಡ್ಡಿ ಕೈಯಲ್ಲಿ ಹಿಡಿದು ಯಾವುದಾದರೂ ಥಾನನ್ನು ಅಳೆಯುತ್ತಲೇ ಇರುವುದು ಅವನ ರೂಢಿ.

"ಐದು ತಿಂದಾರ," ಎಂದ ಮಲಕಾಜಪ್ಪ. ಅವನು ಎದುರು ಸಾಲಿನ ಕಾಳಿನ ವ್ಯಾಪಾರಿ. ಮಂಡಳಿಯ ಒಂದು ಪಂದ್ಯವನ್ನೂ ತಪ್ಪಿಸದವನು, ಒಂದು ಪಂದ್ಯವನ್ನೂ ಹೊಗಳದವನು. "ನಮ್ಮ ಮನ್ಯಾಗ ಹೋಳಿಗಿ ಮಾಡಿದ ದಿವಸಾನೂ ಐದು ಯಾರೂ ತಿನ್ನೂದಿಲ್ಲ."

"ನಗಬ್ಯಾಡ್ರಿ ಕಾಕಾ," ಎಂದ ಅಮೃತಪ್ಪ. ತಂಡದ ನಾಯಕ, ಇಪ್ಪತ್ನಾಲ್ಕರ ಹರೆಯ.

"ನಾ ಎಲ್ಲಿ ನಕ್ಕೀನಿ? ಆ ಪುಣೆದಿಂದ ತಂದ ಹೊಸ ಮಾಸ್ತರ ನಿಮಗ ಬೂಟು ಹಾಕಿಸ್ಯಾನ. ನೀವು ಬೂಟು ನೋಡ್ಕೋತ ನಿಂತಿದ್ರಿ. ಚೆಂಡು ಯಾವ ಕಡಿಂದ ಹೋತು ಅಂತ ಈಗಾರ ಗೊತ್ತಾಗ್ಯಾದೋ ಇಲ್ಲೋ?"

"ಬೂಟು ಕಚ್ಚತಾವ್ರಿ."

"ಕಚ್ಚೂದು ಬೂಟಿನ ಕೆಲಸ. ಓಡೂದು ನಿಮ್ಮ ಕೆಲಸ."

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹಣಮಂತಪ್ಪ ಚಕ್ರಕ್ಕೆ ಕೈ ಇಟ್ಟು ನಿಲ್ಲಿಸಿದ. ಹದಿಮೂರು ವರ್ಷಗಳಿಂದ ತಂಡದ ಅಂಗಿಗಳನ್ನು ಹೊಲಿಯುತ್ತ ಬಂದವನು ಅವನೇ. "ಎಲ್ಲಾರ ಮನಸಿನ್ಯಾಗ ಇದ್ದದ್ದು ನಾನ ಹೇಳ್ತೀನಿ," ಎಂದ. "ಧರೆಪ್ಪ ಮಾಸ್ತರನ್ನ ತಿರುಗಿ ಕರಸ್ರಿ."

ರಾಚಪ್ಪನ ಗಜಕಡ್ಡಿ ನಿಂತಿತು. ಯಾರೂ ಅವನ ಮುಖ ನೋಡಲಿಲ್ಲ.

ಧರೆಪ್ಪ ಕುಂಭಾರಿಯವನು. ಸೊಲ್ಲಾಪುರದಿಂದ ಅಕ್ಕಲಕೋಟೆಯ ದಾರಿ ಹಿಡಿದರೆ ಎತ್ತಿನ ಗಾಡಿಗೆ ಎರಡು ತಾಸಿನ ಹಾದಿ. ಮನೆಯಲ್ಲಿ ಅರವತ್ತು ಎಕರೆ ಎರೆಭೂಮಿ, ಮೂವರು ಅಣ್ಣತಮ್ಮಂದಿರು. ನಡುವಿನವನಾದ ಧರೆಪ್ಪನಿಗೆ ಒಕ್ಕಲುತನ ಬರುತ್ತಿತ್ತು, ಒಗ್ಗುತ್ತಿರಲಿಲ್ಲ. ೧೯೧೬ರಲ್ಲಿ ಯುದ್ಧಕ್ಕೆ ಹೇಸರಗತ್ತೆ ನಡೆಸಲು ಸರಕಾರ ಆಳುಗಳನ್ನು ಕೇಳುತ್ತಿದೆ ಎಂದು ತಿಳಿದು, ಮನೆಯಲ್ಲಿ ಹೇಳದೆ ಹೋಗಿ ಹೆಸರು ಬರೆಸಿದ. ಮೂರು ವರ್ಷ ಬಸ್ರಾದ ಕಡೆ ನೀರು, ಮದ್ದುಗುಂಡು ಹೇರಿಕೊಂಡು ಹೇಸರಗತ್ತೆಗಳ ಜೊತೆ ನಡೆದ. ಅಲ್ಲಿ ಸಂಜೆಗೆ ಗೋರಾ ಸಿಪಾಯಿಗಳು ಫುಟ್‌ಬಾಲ್ ಆಡುತ್ತಿದ್ದರು. ಒಂದು ದಿನ ಒಬ್ಬ ಆಳು ಕಡಿಮೆ ಬಿದ್ದಾಗ ಇವನನ್ನು ಗೋಲಿನಲ್ಲಿ ನಿಲ್ಲಿಸಿದರು. ಬರಿಗಾಲಲ್ಲೇ ನಿಂತ. ಮುಂದೆ ದಿನಾ ನಿಲ್ಲಿಸಿದರು. ಗೋಲಿನಲ್ಲಿ ನಿಂತವನಿಗೆ ಮೈದಾನವೆಲ್ಲ ಕಾಣುತ್ತದೆ. ಯಾರು ಎಲ್ಲಿರಬೇಕಾಗಿತ್ತು, ಎಲ್ಲಿದ್ದಾರೆ ಎಂಬುದು ಕಾಣುತ್ತದೆ. ಧರೆಪ್ಪ ಕಲಿತದ್ದು ಇಷ್ಟೇ, ಆದರೆ ಚೆನ್ನಾಗಿ ಕಲಿತ.

ಯುದ್ಧ ಮುಗಿದು ಊರಿಗೆ ಬಂದ ಮೇಲೆ ರಾಚಪ್ಪನ ಅಂಗಡಿಯಲ್ಲಿ ಗುಮಾಸ್ತನಾದ. ಪೇಠೆಯ ಹುಡುಗರು ಚಿಂದಿ ಸುತ್ತಿದ ಚೆಂಡು ಒದೆಯುವುದನ್ನು ಎರಡು ವರ್ಷ ಸುಮ್ಮನೆ ನೋಡಿದ. ೧೯೨೩ರಲ್ಲಿ ತಾನೇ ಮುಂದಾಗಿ ಅವರನ್ನು ಕೂಡಿಸಿದ. ಆ ದಿನದಿಂದ ಅವನು ಪೇಠೆಗೆ ಮಾಸ್ತರನಾದ, ಸಾಲೆಯಲ್ಲಿ ಒಂದು ದಿನವೂ ಕಲಿಸದಿದ್ದರೂ.

ಅವನ ಕಲಿಸುವ ರೀತಿಯಲ್ಲಿ ಒಂದು ವಿಶೇಷವಿತ್ತು. ಮೈದಾನದಲ್ಲಿ ಹುಡುಗರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಎಡಗಡಿ', 'ಬಲಗಡಿ', 'ನಡುವಿನವ' ಎಂದು ಅವರು ನಿಂತ ಜಾಗ ಹಿಡಿದೇ ಕೂಗುತ್ತಿದ್ದ. ಹೆಸರು ಕೂಗಿದರೆ ಹುಡುಗ ಕೂಗಿದವನ ಕಡೆ ನೋಡುತ್ತಾನೆ, ಜಾಗ ಕೂಗಿದರೆ ಚೆಂಡಿನ ಕಡೆ ನೋಡುತ್ತಾನೆ ಎಂಬುದು ಅವನ ಲೆಕ್ಕ. ಒಬ್ಬನನ್ನು ಎಡದಿಂದ ಬಲಕ್ಕೆ ಹಾಕಿದರೆ ಅದೇ ಗಳಿಗೆಯಿಂದ ಅವನು 'ಬಲಗಡಿ'ಯೇ. ಎಡಗಡೆ ಆಡುತ್ತಿದ್ದವನು ಶಿವಶರಣ, ರಾಚಪ್ಪನ ಒಬ್ಬನೇ ಮಗ. ಬಲಗಡೆ ಅಮೃತಪ್ಪ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಓಣಿಯವರು.

ಹನ್ನೊಂದು ಜನರಲ್ಲಿ ಒಂಬತ್ತು ಹುಡುಗರು ಲಿಂಗವಂತರು. ಕೂಸಾಗಿದ್ದಾಗ ಕೊರಳಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲೆ ಇರಬೇಕಾದವರು. ಲಿಂಗವಿಡುವ ಬೆಳ್ಳಿಯ ಕರಡಿಗೆ ಎದೆಗೆ ಬಡಿದು ಗಾಯವಾಗುತ್ತದೆಂದು ತಂಡ ಸೇರಿದ ಮೇಲೆ ಅದನ್ನು ಮನೆಯಲ್ಲೇ ಇಟ್ಟು, ಲಿಂಗವನ್ನು ಅರಿವೆಯ ಸಣ್ಣ ಚೀಲದಲ್ಲಿ ಹಾಕಿ ಕಟ್ಟಿಕೊಳ್ಳುತ್ತಿದ್ದರು. ಚೀಲಗಳನ್ನು ರಾಚಪ್ಪನ ಅಂಗಡಿಯ ಒಂದೇ ಮಾಂಜರಪಾಟು ಬಟ್ಟೆಯ ತುಂಡಿನಿಂದ ಹಣಮಂತಪ್ಪ ಹೊಲಿದು ಕೊಟ್ಟಿದ್ದ. ಒಂಬತ್ತೂ ಒಂದೇ ಅಳತೆ, ಒಂದೇ ಬಣ್ಣ.

೧೯೩೧ರ ಡಿಸೆಂಬರಿನಲ್ಲಿ ತಂಡ ಅಕ್ಕಲಕೋಟೆಯ ಶೀಲ್ಡಿಗೆ ಕೊನೆಯ ಪಂದ್ಯ ಆಡಬೇಕಾಯಿತು. ಹಿಂದಿನ ವರ್ಷ ಮಾರ್ಷಲ್ ಲಾ ಬಿದ್ದದ್ದರಿಂದ ಆಟವೇ ನಡೆದಿರಲಿಲ್ಲ. ಹುಡುಗರು ಆಟಕ್ಕಾಗಿ ಹಸಿದಿದ್ದರು. ಆದರೆ ಕೊನೆಯದಕ್ಕೆ ಹಿಂದಿನ ಪಂದ್ಯದಲ್ಲಿ ಎದುರಾಳಿಯೊಬ್ಬ ಮಂಡಳಿಯ ಹುಡುಗನೊಬ್ಬನ ಕೊರಳ ದಾರ ಹಿಡಿದು ಹಿಂದಕ್ಕೆ ಜಗ್ಗಿದ್ದ. ದಾರ ಕುತ್ತಿಗೆ ಕೊಯ್ದು ರಕ್ತ ಬಂದಿತ್ತು. ಕೊನೆಯ ಪಂದ್ಯಕ್ಕೆ ಲಿಂಗ ಬಿಚ್ಚಿಟ್ಟೇ ಆಡಬೇಕಾದೀತು ಎಂಬ ಮಾತು ಹುಡುಗರಲ್ಲಿ ಹಬ್ಬಿತು, ಮನೆಗಳಿಗೂ ಮುಟ್ಟಿತು.

ಪಂದ್ಯದ ದಿನ ಬೆಳಿಗ್ಗೆ ಶಿವಶರಣನ ತಾಯಿ ಪಾರ್ವತಿಬಾಯಿ ಮಗನ ಕೈಯನ್ನು ತನ್ನ ಕೈಮೇಲೆ ಇರಿಸಿಕೊಂಡು ಮಾತು ತೆಗೆದುಕೊಂಡಳು: ಎಲ್ಲರೂ ಬಿಚ್ಚಿದರೂ ನೀನು ಬಿಚ್ಚಬೇಡ. ಆಗಲಿ ಎಂದು ಹೋದ.

ಅಕ್ಕಲಕೋಟೆಯ ಮೈದಾನದ ಅಂಚಿನಲ್ಲಿ ಧರೆಪ್ಪ ಧೋತರ ಹರಡಿಕೊಂಡು ಕುಕ್ಕರಗಾಲಲ್ಲಿ ಕೂತ. ಅವನ ಮಡಿಲಲ್ಲಿ ಒಂಬತ್ತು ಚೀಲಗಳಿದ್ದವು. ಹುಡುಗರು ನಿಲ್ಲುವ ಕ್ರಮದಲ್ಲೇ ಅವನ್ನು ಇಟ್ಟುಕೊಂಡಿದ್ದ. ಹಿಂದೆ ನಿಲ್ಲುವವರದು ಹಿಂದೆ, ಎಡಗಡೆಯವನದು ಎಡದ ತುದಿಗೆ, ಬಲಗಡೆಯವನದು ಬಲದ ತುದಿಗೆ. ಮೊದಲರ್ಧದಲ್ಲಿ ಮಂಡಳಿಯ ಮೇಲೆ ಒಂದು ಗೋಲು ಬಿತ್ತು. ಎದುರಾಳಿಯ ಬಲಗಡೆ ಕಾಯುವವನು ಕುಂಟುತ್ತಿದ್ದುದನ್ನು ಧರೆಪ್ಪ ಕಂಡ. ವಿರಾಮದಲ್ಲಿ, ಓಟದಲ್ಲಿ ಮುಂದಿದ್ದ ಅಮೃತಪ್ಪನನ್ನು ಎಡಕ್ಕೆ ತಂದು ಶಿವಶರಣನನ್ನು ಬಲಕ್ಕೆ ಹಾಕಿದ. ಅಮೃತಪ್ಪ ಎರಡು ಗೋಲು ಹೊಡೆದ. ಶೀಲ್ಡ್ ನವಿ ಪೇಠೆಗೆ ಬಂತು.

ಜನ ಒಳಗೆ ನುಗ್ಗಿದರು. ಗುಲಾಲು ಹಾರಿತು. ಧರೆಪ್ಪ ಮಡಿಲನ್ನು ಎದೆಗವುಚಿಕೊಂಡು ನಿಂತು, ಬಂದ ಹುಡುಗರಿಗೆ ಚೀಲಗಳನ್ನು ಒಂದೊಂದಾಗಿ ಕೊಟ್ಟ. ಎಡದ ತುದಿಯದನ್ನು ಎಡಗಡೆ ಆಡಿ ಬಂದವನಿಗೆ ಕೊಟ್ಟ, ಬಲದ ತುದಿಯದನ್ನು ಬಲಗಡೆ ಆಡಿ ಬಂದವನಿಗೆ. ಎಂಟು ವರ್ಷ ಹುಡುಗರನ್ನು ಜಾಗ ಹಿಡಿದೇ ಗುರುತಿಸಿದವನ ಕೈ ಅದು.

ಅಮೃತಪ್ಪನ ಲಿಂಗ ಶಿವಶರಣನ ಕೊರಳಿಗೆ ಹೋಯಿತು, ಶಿವಶರಣನದು ಅಮೃತಪ್ಪನ ಕೊರಳಿಗೆ. ಇಬ್ಬರೂ ಸ್ನಾನವಾದ ಮೇಲೆ ಚೀಲದ ಮೇಲೆಯೇ ವಿಭೂತಿ ಹಚ್ಚಿ ಕಣ್ಣಿಗೊತ್ತಿಕೊಂಡು ಹೊರಗೆ ಓಡುವ ವಯಸ್ಸಿನವರು. ಬಿಚ್ಚಿ ಅಂಗೈಯಲ್ಲಿಟ್ಟು ಪೂಜೆ ಮಾಡಿದ್ದರೆ ಅವತ್ತೇ ತಿಳಿಯುತ್ತಿತ್ತು. ನಾಲ್ಕು ತಿಂಗಳು ತಿಳಿಯಲಿಲ್ಲ.

ಮುಂದಿನ ಏಪ್ರಿಲಿನಲ್ಲಿ ಶಿವಶರಣನಿಗೆ ವಿಷಮಜ್ವರ ಬಂತು. ಹದಿನೆಂಟನೆಯ ದಿನ ತೀರಿಕೊಂಡ. ಕೂರಿಸಿ ಮಣ್ಣು ಮಾಡುವ ಮೊದಲು ಲಿಂಗವನ್ನು ಎಡಗೈಯಲ್ಲಿ ಇರಿಸಬೇಕು. ಚೀಲ ಬಿಚ್ಚಿ ತೆಗೆದಾಗ ಪಾರ್ವತಿಬಾಯಿ ಕೈ ಒಡ್ಡಿ ಇಸಿದುಕೊಂಡಳು, ಬೆರಳಾಡಿಸಿದಳು. ಕೂಸಾಗಿದ್ದಾಗ ಮಗ ಲಿಂಗವನ್ನು ಬಾಯಿಗಿಟ್ಟು ಕಚ್ಚಿದ್ದ. ಮೇಲಿನ ಕರಿ ಲೇಪದ ಅಂಚಿನಲ್ಲಿ ಹಾಲುಹಲ್ಲಿನ ಎರಡು ಗುರುತು ಉಳಿದಿದ್ದವು. ಇದರಲ್ಲಿ ಆ ಗುರುತು ಇರಲಿಲ್ಲ.

"ಇದು ನನ್ನ ಮಗಂದಲ್ಲ," ಎಂದಳು.

ಗುಂಪಿನಲ್ಲಿದ್ದ ಅಮೃತಪ್ಪ ತನ್ನ ಕೊರಳಿನ ಚೀಲ ಬಿಚ್ಚಿ ನೋಡಿ ಅಲ್ಲೇ ಕುಸಿದು ಕೂತ. ಕುಣಿಯ ಅಂಚಿನಲ್ಲೇ ಅದಲುಬದಲು ಆಯಿತು. ಅಮೃತಪ್ಪನಿಗೆ ಮಠದ ಅಯ್ಯನವರು ಮತ್ತೆ ದೀಕ್ಷೆ ಕೊಟ್ಟರು. ಶಿವಶರಣ ತನ್ನ ಲಿಂಗದ ಜೊತೆಗೇ ಮಣ್ಣಿಗೆ ಹೋದ. ಆದರೆ ನಾಲ್ಕು ತಿಂಗಳು ತನ್ನದಲ್ಲದ ಲಿಂಗ ಹೊತ್ತು ಇದ್ದ, ಹಾಗೆಯೇ ಪ್ರಾಣ ಬಿಟ್ಟ ಎಂಬುದನ್ನು ತೆಗೆದುಹಾಕುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಮಂಡಳಿ ಸಭೆ ಸೇರಿತು. ಧರೆಪ್ಪ ಎದ್ದು ನಿಂತು "ತಪ್ಪು ನಂದು" ಎಂದ. ಅಷ್ಟಕ್ಕೇ, ಮುಂದಿನದನ್ನು ಕೇಳದೆ, ಎಲ್ಲರೂ ಎದ್ದರು. ಲಿಂಗ ಬಿಚ್ಚಿಸಿದವನು ಮಂಡಳಿಯ ಕೂಟದಲ್ಲಿ ಕೂಡಬಾರದೆಂದು ಅಯ್ಯನವರು ಅಪ್ಪಣೆ ಮಾಡಿದರು. ಅಂಗಡಿಯ ಕೆಲಸವನ್ನು ಧರೆಪ್ಪನೇ ಬಿಟ್ಟು ಕುಂಭಾರಿಗೆ ಹೋದ. ಪಂದ್ಯವಿದ್ದ ದಿನ ಮಾತ್ರ ಸೊಲ್ಲಾಪುರಕ್ಕೆ ನಡೆದು ಬಂದು ಮೈದಾನದಾಚೆಯ ಜಾಲಿಗಿಡಗಳ ಹಿಂದೆ ನಿಂತು ನೋಡುತ್ತಿದ್ದ. ಅವನು ಬಂದದ್ದು ಎಲ್ಲರಿಗೂ ಗೊತ್ತಿರುತ್ತಿತ್ತು. ಯಾರೂ ಕರೆಯುತ್ತಿರಲಿಲ್ಲ.

ಪಾರ್ವತಿಬಾಯಿ ಆಮೇಲೆ ಮನೆಯಲ್ಲಿ ಮಗನ ಹೆಸರು ಎತ್ತಲಿಲ್ಲ. ಕೇಳಿದವರಿಗೆ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಕೈಮ್ಯಾಲ ಕೈ ಇಟ್ಟು ಹೋದ. ಮಾತು ಮುರದ ಹೋದ."

ಅಂಗಡಿಯಲ್ಲಿ ಹಣಮಂತಪ್ಪನ ಮಾತಿಗೆ ಮೊದಲು ಎದುರಾಡಿದವನು ಮಲಕಾಜಪ್ಪ. "ಹಣಮಂತಪ್ಪಾ, ನಿನ್ನ ಬಾಯಿಗೂ ಒಂದೀಟು ಹೊಲಿಗಿ ಹಾಕ್ಕೊ. ಒಂಬತ್ತು ಮಂದಿ ಲಿಂಗ ಬಿಚ್ಚಿಸಿದವನ್ನ ತಿರುಗಿ ಕರೀಬೇಕಾ?"

"ಆ ದಿವಸ ಶೀಲ್ಡ್ ಬಂದಾಗ ಗುಲಾಲು ಹಾರಿಸಿದವ್ರು ಯಾರ್ರೀ? ನೀವಲ್ಲೇನು?"

"ಹಾರಿಸೀನಿ. ಗೊತ್ತಿರಲಿಲ್ಲ, ಹಾರಿಸೀನಿ."

"ಎಲ್ಲಾ ಹುಡುಗ್ರು ನಿಮ್ಮ ಕಣ್ಣಮುಂದ ಬರಿಗೊರಳಿಲೆ ಆಡಿದ್ರಲ್ಲ. ಆಗ ಕಣ್ಣಾಗ ಗುಲಾಲು ಬಿದ್ದಿರಲಿಲ್ಲ."

ಅಮೃತಪ್ಪ ಮೆಲ್ಲಗೆ ಹೇಳಿದ: "ಮಾಸ್ತರ ಬರಲಿಲ್ಲಂದ್ರ ಇನ್ನೂ ನಾಕು ಮಂದಿ ಗಿರಣಿ ಕಡಿ ಹೋಗ್ತಾರ್ರಿ. ಡಿಸೆಂಬರಿಗೆ ಅಕ್ಕಲಕೋಟಿಗೆ ಹೋಗಾಕ ಹನ್ನೊಂದು ಮಂದಿ ಇರೂದಿಲ್ಲ. ನನ್ನ ಲಿಂಗಾನೂ ಅದಲುಬದಲು ಆಗಿತ್ತು. ನಾನ ಹೇಳ್ತೀನಿ, ಬರ್ಲಿ."

ಮೂರು ದಿನ ಪೇಠೆಯಲ್ಲಿ ಇದೇ ವಾದ. ಕಾಳಿನ ಅಂಗಡಿ, ಕಟಿಂಗಿನ ಅಂಗಡಿ, ದೇವಸ್ಥಾನದ ಕಟ್ಟೆ ಎಲ್ಲೆಡೆ. ಕರೆಯಬೇಕು ಎನ್ನುವವರು ಗೆದ್ದ ಪಂದ್ಯಗಳನ್ನು ಎಣಿಸಿದರು. ಬೇಡ ಎನ್ನುವವರು ಒಂದೇ ಹುಡುಗನ ಹೆಸರು ಹೇಳಿ ಸುಮ್ಮನಾದರು. ದಾರಿ ಹುಡುಕಿದವನು ಮಲಕಾಜಪ್ಪನೇ. ಅವನು ಅಯ್ಯನವರನ್ನು ಕಂಡು ಬಂದ. ಹುಡುಗರು ತಿಳಿವಳಿಕೆಯಿಲ್ಲದೆ ತಾವಾಗಿಯೇ ಬಿಚ್ಚಿದ್ದರೆ ಅದು ಹುಡುಗರ ತಪ್ಪು, ಮಾಸ್ತರನದಲ್ಲ, ಅಪ್ಪಣೆ ಹಿಂದೆ ತೆಗೆದುಕೊಳ್ಳಬಹುದು ಎಂದು ಅಯ್ಯನವರು ಹೇಳಿದ್ದರು. ಹಾಗಾಗಬೇಕಾದರೆ, ಮೊದಲು ಬಿಚ್ಚೋಣವೆಂದವನು ಇಂಥವನು ಎಂದು ಒಬ್ಬ ಹುಡುಗನ ಹೆಸರು ಬೇಕು. ಬದುಕಿರುವವರ ಮೇಲೆ ಹಾಕಿದರೆ ಅವರ ಮನೆಯವರು ಸುಮ್ಮನಿರುವುದಿಲ್ಲ.

"ಶಿವಶರಣ ಅಂದ್ರ ಆತು," ಎಂದ ಮಲಕಾಜಪ್ಪ, ರಾಚಪ್ಪನ ಕಡೆ ನೋಡದೆ. "ಅಧ್ಯಕ್ಷರ ಮಗ ಅಂದ, ಉಳಿದವ್ರು ಕೇಳಿದ್ರು. ಸಾವಕಾರ, ಸಿಟ್ಟಾಗಬ್ಯಾಡ್ರಿ. ನೀವು ಬ್ಯಾಡಂದ್ರ ಇಲ್ಲಿಗೇ ಬಿಡೂಣು."

ರಾಚಪ್ಪ ಥಾನನ್ನು ಸುತ್ತಿ ಕಪಾಟಿನಲ್ಲಿಟ್ಟ. ತಿರುಗಿ ಬಂದು ಕೂತ. "ಅವ ಇದ್ದಿದ್ರ," ಎಂದ, "ಮಾಸ್ತರ ಬರ್ತಾರಂದ್ರ ತಾನ ಮುಂದ ಬಂದು ನಾನ ಅಂದೀನಿ ಅಂತಿದ್ದ. ಆಗ್ಲಿ."

ಹಣಮಂತಪ್ಪ, ಅಮೃತಪ್ಪ ಮರುದಿನ ಟಾಂಗಾ ಮಾಡಿಕೊಂಡು ಕುಂಭಾರಿಗೆ ಹೋದರು. ಹಿಂಗಾರಿ ಜೋಳದ ಬಿತ್ತನೆಯ ದಿನಗಳು. ಧರೆಪ್ಪ ಹೊಲದಲ್ಲಿ ಕೂರಿಗೆಯ ಹಿಂದೆ ಇದ್ದ. ನಾಲ್ಕು ವರ್ಷಗಳಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರನ್ನೂ ಕಂಡು ಎತ್ತುಗಳನ್ನು ನಿಲ್ಲಿಸಿದ.

"ಯಾರಿಗೇನರ ಆಗ್ಯಾದೇನು?" ಎಂದು ಮೊದಲು ಕೇಳಿದ.

"ಯಾರಿಗೂ ಏನಿಲ್ರಿ ಮಾಸ್ತರ," ಎಂದ ಅಮೃತಪ್ಪ. "ನಿಮ್ಮನ್ನ ಕರೀಲಾಕ ಬಂದೀವಿ. ಮಂಡಳಿಯವ್ರು ಕಳಿಸ್ಯಾರ."

ಧರೆಪ್ಪ ಹೊಲದ ಬದುವಿನ ಮೇಲೆ ಕೂತುಬಿಟ್ಟ. ಆಮೇಲೆ ಕೇಳಲು ಸುರು ಮಾಡಿದವನು ನಿಲ್ಲಿಸಲಿಲ್ಲ. ಹಿಂದೆ ಯಾರು ಕಾಯುತ್ತಾರೆ? ಆ ಎತ್ತರದ ಹುಡುಗ ಚೆಂಡು ಬಂದಾಗ ಕಣ್ಣು ಮುಚ್ಚುತ್ತಾನೆ, ಯಾರೂ ಹೇಳಿಲ್ಲವೇ? ಉಡಿಯಿಂದ ಒಂದು ಮುಷ್ಟಿ ಬಿತ್ತನೆ ಜೋಳ ತೆಗೆದು ಮಣ್ಣಿನ ಮೇಲೆ ಹನ್ನೊಂದು ಕಾಳು ಇಟ್ಟ. ಒಂದು ಕಾಳನ್ನು ಎರಡು ಬೆರಳು ಹಿಂದಕ್ಕೆ ಸರಿಸಿದ. "ಇವ ಇಲ್ಲಿರಬೇಕು. ಇಲ್ಲಿದ್ರ ಐದು ಬೀಳ್ತಿರಲಿಲ್ಲ. ಮೂರನೇ ಗೋಲು ಇಲ್ಲಿಂದ ಬಂತು, ನಾ ನೋಡೀನಿ."

ರೊಟ್ಟಿ ಬುತ್ತಿ ಹೊತ್ತು ಬಂದ ಹೆಂಡತಿ ಕಸ್ತೂರಬಾಯಿ ಗಂಡನ ಮುಖ ನೋಡಿ, ಬುಟ್ಟಿ ಇಳಿಸಿ, "ಇವತ್ತ ಇವ್ರು ನಾಕು ರೊಟ್ಟಿ ತಿಂತಾರ," ಎಂದಳು. "ನೀವೂ ಕೂಡ್ರಿ, ಸಾಕಾಗತಾವ."

ಉಂಡ ಮೇಲೆ ಹಣಮಂತಪ್ಪ ಅಯ್ಯನವರ ಮಾತು ಹೇಳಿದ. ಸೋಮವಾರ ಸಾವಕಾರರ ಮನೆಯಲ್ಲಿ ಹಿರಿಯರು ಕೂಡುತ್ತಾರೆ. ಮೊದಲು ಬಿಚ್ಚೋಣವೆಂದವನು ಶಿವಶರಣ ಎಂದು ಒಂದು ಮಾತು ಹೇಳಿದರೆ ಸಾಕು. ಸಾವಕಾರರೂ ಒಪ್ಪಿದ್ದಾರೆ.

ಧರೆಪ್ಪ ಕಾಳುಗಳ ಕಡೆ ನೋಡುತ್ತಿದ್ದ. "ಹುಡುಗನ ಅವ್ವ?"

"ಅವರೇನಂತಾರ್ರಿ?" ಎಂದ ಹಣಮಂತಪ್ಪ. "ಅವರಿಗೂ ಅವನೇ ಬಿಚ್ಚಿದ್ದು ಅಂತನ ಮನಸಿನ್ಯಾಗ ಅದ. ಆವತ್ತ ಮುಂಜಾನಿ ಬಿಚ್ಚೂದಿಲ್ಲ ಅಂತ ಕೈಮ್ಯಾಲ ಕೈ ಇಟ್ಟು ಹೇಳಿದ್ನಂತ. ಮಾತು ಮುರದ ಹೋದ ಅಂತ ಇವತ್ತಿನ ತನಕ ಮಗನ ಹೆಸರು ಹೇಳೂದಿಲ್ಲ ಆ ವೈನಿ. ನೀವು ಹೊಸಾದೇನೂ ಹೇಳಿದಂಗ ಆಗೂದಿಲ್ರಿ ಮಾಸ್ತರ."

"ಹೆಸರ ಹೇಳೂದಿಲ್ಲ?"

"ಇಲ್ರಿ. ನಾಕು ವರ್ಷ ಆತು."

ಧರೆಪ್ಪ ಎದ್ದು ಕೂರಿಗೆಯ ಕಡೆ ನಡೆದ. ಸೋಮವಾರ ಬರುವುದಾಗಿ ಹೇಳಿದ.

ಸೋಮವಾರ ರಾಚಪ್ಪನ ಪಡಸಾಲೆಯಲ್ಲಿ ಹದಿನೈದು ಜನ ಕೂಡಿದ್ದರು. ಜಮಖಾನೆ ಹಾಸಿತ್ತು. ನಡುವೆ ಅಯ್ಯನವರು, ಅವರ ಪಕ್ಕ ರಾಚಪ್ಪ. ಅಡಿಗೆಮನೆಯ ಬಾಗಿಲಲ್ಲಿ ಹೆಂಗಸರು ನಿಂತಿದ್ದರು. ಧರೆಪ್ಪ ಒಗೆದ ಧೋತರ ಉಟ್ಟು, ಅಂಗಿಯ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡು ಬಂದಿದ್ದ. ಜಮಖಾನೆಯ ಅಂಚಿನ ಹೊರಗೆ ಕೂತ. ಮಂಡಳಿಯ ಕೂಟದಲ್ಲಿ ಕೂಡಬಾರದೆಂಬ ಅಪ್ಪಣೆ ಇನ್ನೂ ಉಳಿದಿತ್ತಲ್ಲ.

ಅಯ್ಯನವರು ಸುತ್ತುಬಳಸು ಮಾಡಲಿಲ್ಲ. "ಧರೆಪ್ಪಾ, ಆವತ್ತ ಲಿಂಗ ಬಿಚ್ಚೂಣು ಅಂತ ಮೊದಲ ಅಂದವ ಯಾರು?"

"ನಾನ್ರಿ."

ಹಣಮಂತಪ್ಪ ತಲೆ ತಗ್ಗಿಸಿದ. ಮಲಕಾಜಪ್ಪ ಮುಂದಕ್ಕೆ ಬಾಗಿ, "ಮಾಸ್ತರ, ವಿಚಾರ ಮಾಡಿ ಹೇಳ್ರಿ," ಎಂದ.

"ನಾಕು ವರ್ಷ ವಿಚಾರ ಮಾಡೀನ್ರಿ." ಧರೆಪ್ಪ ಅಯ್ಯನವರನ್ನು ನೋಡುತ್ತಿರಲಿಲ್ಲ, ರಾಚಪ್ಪನ ಕಡೆ ತಿರುಗಿದ್ದ. "ಎಂಟು ಮಂದಿ ನಾ ಕೇಳಿದ ಕೂಡ್ಲೆ ಬಿಚ್ಚಿ ಕೊಟ್ಟು ಮೈದಾನಕ್ಕ ಇಳದ್ರು. ಶಿವಶರಣ ಕೊಡಲಿಲ್ಲ. ಅವ್ವಗ ಮಾತು ಕೊಟ್ಟೀನ್ರಿ ಮಾಸ್ತರ, ಬಿಚ್ಚೂದಿಲ್ಲ ಅಂದ. ಎರಡು ಸಲ ಅಂದ. ಹಂಗಾರ ನಿನ್ನ ಆಡಸೂದಿಲ್ಲ ಅಂದೆ. ಆಡಸಬ್ಯಾಡ್ರಿ ಅಂದ, ಕಣ್ಣಾಗ ನೀರು ಬಂದಿತ್ತು. ಅವ ಇಲ್ಲಂದ್ರ ಎಡಗಡಿ ನಿಲ್ಲಾಕ ಯಾರೂ ಇರಲಿಲ್ಲ. ಆಟಕ್ಕ ಸೀಟಿ ಹೊಡದಿದ್ರು. ಅವನ ಹಿಂದ ಹೋಗಿ ಗಂಟು ನಾನ ಬಿಚ್ಚಿದೆ. ಅವ ಕೈ ಎತ್ತಲಿಲ್ಲ, ನನ್ನ ತಡೀಲೂ ಇಲ್ಲ. ಮಾಸ್ತರ ಅಲ್ಲೇನ್ರಿ ನಾ, ಹೆಂಗ ತಡದಾನು? ಕೈ ಎರಡೂ ಕೆಳಗ ಬಿಟ್ಕೊಂಡು ನಿಂತಿದ್ದ."

ಮಲಕಾಜಪ್ಪ ಹಿಂದಕ್ಕೆ ಸರಿದು ಕೂತ.

"ಇದನ್ನ ಆಗ ಯಾಕ ಹೇಳಲಿಲ್ಲ?" ಅಯ್ಯನವರು ಕೇಳಿದರು.

"ತಪ್ಪು ನಂದು ಅಂದೆ. ಎಲ್ಲಾರೂ ಎದ್ರು. ಇನ್ನಷ್ಟು ಹೇಳಾಕ ಧೈರ್ಯ ಆಗಲಿಲ್ರಿ. ಯಾರೂ ಕೇಳಲಿಲ್ಲಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಅವನ ಅವ್ವ ಹಿಂಗ ಅನ್ಕೊಂಡಾರ ಅನ್ನೂದು ನನಗ ಮೊನ್ನೆ ಗೊತ್ತಾತು."

ಗಂಡಸರ ಕೂಟಕ್ಕೆ ಎಂದೂ ಬಾರದ ಪಾರ್ವತಿಬಾಯಿ ಅಡಿಗೆಮನೆಯ ಹೊಸ್ತಿಲು ದಾಟಿ ಬಂದಳು. ರಾಚಪ್ಪ ಎದ್ದು ನಿಂತ, ಆದರೆ ತಡೆಯಲಿಲ್ಲ. ಆಕೆ ಧರೆಪ್ಪನಿಂದ ನಾಲ್ಕು ಮೊಳ ದೂರದಲ್ಲಿ, ಸೆರಗನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಏನಂದ ಅವ? ಇನ್ನೊಮ್ಮೆ ಹೇಳ್ರಿ."

ಧರೆಪ್ಪ ನೆಲ ನೋಡುತ್ತ ಹೇಳಿದ. "ಅವ್ವಗ ಮಾತು ಕೊಟ್ಟೀನ್ರಿ ಮಾಸ್ತರ, ಬಿಚ್ಚೂದಿಲ್ಲ ಅಂದ."

"ಎರಡು ಸಲ?"

"ಎರಡು ಸಲ ಅಂದ್ರಿ ವೈನಿ."

"ತಾನಾಗಿ ಬಿಚ್ಚಲಿಲ್ಲ?"

"ಇಲ್ರಿ. ದಾರಕ್ಕ ಅವನ ಕೈ ತಗಲೇ ಇಲ್ಲ."

ಮೊದಲಿನಿಂದ ಹೇಳಿ ಎಂದಳು. ಅವನು ಮೊದಲಿನಿಂದ ಹೇಳಿದ. ಅದು ಮುಗಿದ ಮೇಲೆ ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಹೇಳಿದ. ಆಕೆ ಕಂಬಕ್ಕೆ ಬೆನ್ನು ಕೊಟ್ಟು ಮೆಲ್ಲಗೆ ಕೆಳಗೆ ಕೂತಳು. "ಶರಣೂ," ಎಂದಳು, ಪಕ್ಕದ ಕೋಣೆಯಲ್ಲಿರುವವನನ್ನು ಕರೆಯುವ ದನಿಯಲ್ಲಿ. ಇನ್ನೆರಡು ಸಲ ಕರೆದಳು. ಒಳಗಿನಿಂದ ಹೆಂಗಸರು ಬಂದು ಎಬ್ಬಿಸಿಕೊಂಡು ಹೋದರು.

ಅಯ್ಯನವರು ಮೊದಲು ಎದ್ದರು, ಆಮೇಲೆ ಉಳಿದವರು. ರಾಚಪ್ಪ ಬಾಗಿಲತನಕ ಧರೆಪ್ಪನ ಜೊತೆ ಬಂದ. "ಮಾಸ್ತರ, ಇನ್ನ ನಿಮ್ಮನ್ನ ಕರಿಯೂದು ನನ್ನ ಕೈಲೆ ಆಗೂದಿಲ್ಲ," ಎಂದ.

"ಗೊತ್ತದರಿ ಸಾವಕಾರ."

ಓಣಿಯ ತಿರುವಿನವರೆಗೆ ಮಲಕಾಜಪ್ಪ ಜೊತೆಗೆ ನಡೆದ. "ಸುಮ್ಮ ಹೂಂ ಅಂದಿದ್ರ ಆಗ್ತಿತ್ತಲ್ರಿ," ಎಂದ.

"ಆಗ್ತಿತ್ತು," ಎಂದ ಧರೆಪ್ಪ. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. "ಅಕ್ಕಲಕೋಟ್ಯಾಗ ಎಡಗಡಿ ಯಾರನ್ನ ಹಾಕ್ತೀರಿ?"

"ಇನ್ನೂ ಗೊತ್ತಿಲ್ಲ."

"ಯಾರನ್ನರ ಹಾಕ್ರಿ, ಬೂಟು ತೆಗಸ್ರಿ."

ಡಿಸೆಂಬರಿನಲ್ಲಿ ಮಂಡಳಿ ಹನ್ನೊಂದು ಜನರನ್ನು ಹೇಗೋ ಕೂಡಿಸಿ ಅಕ್ಕಲಕೋಟೆಗೆ ಹೋಯಿತು, ಮೊದಲ ಪಂದ್ಯದಲ್ಲೇ ಸೋತಿತು. ಧರೆಪ್ಪ ನೋಡಲು ಹೋಗಲಿಲ್ಲ. ಎರಡು ವರ್ಷಗಳ ಮೇಲೆ ಮಂಡಳಿ ಮುಚ್ಚಿತು. ಪಾರ್ವತಿಬಾಯಿ ಮಗನ ವಿಷಯ ಮಾತಾಡತೊಡಗಿದ್ದಳು. ಬಂದ ಬೀಗರಿಗೆ, ಬಳೆಗಾರ್ತಿಗೆ, ಯಾರು ಕೂತು ಕೇಳಿದರೂ, ಅವನು ಎರಡು ಸಲ ಅಂದದ್ದನ್ನು ಹೇಳುತ್ತಿದ್ದಳು. ಧರೆಪ್ಪನ ಹೆಸರು ಬಂದಾಗ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ಧರೆಪ್ಪ ೧೯೩೯ರ ಬೇಸಿಗೆಯಲ್ಲಿ ತೀರಿಕೊಂಡ. ಸೋಮವಾರದ ಆ ಸಭೆಯ ಮರುದಿನ ಹೊಲದಲ್ಲಿ ನಡೆದ ಮಾತನ್ನು ಕಸ್ತೂರಬಾಯಿ ಹೇಳಿದ್ದು ಆಮೇಲೆ. ಉಳಿದ ಬಿತ್ತನೆ ಮುಗಿಸಲು ಇಬ್ಬರೂ ಬೆಳಿಗ್ಗೆಯೇ ಹೋಗಿದ್ದರು. ಕೂರಿಗೆ ಅವನು ಹೊಡೆಯುತ್ತಿದ್ದ, ಕಾಳು ಅವಳು ಬಿಡುತ್ತಿದ್ದಳು. ಮೂರನೆಯ ಸಾಲು ತಿರುಗುವಾಗ ಎತ್ತು ನಿಲ್ಲಿಸಿ ಹೇಳಿದನಂತೆ: ಗಂಟು ಬಿಚ್ಚಿದ ಮೇಲೆ ಹುಡುಗ ಹತ್ತು ಹೆಜ್ಜೆ ಓಡಿದ, ತಿರುಗಿ ನೋಡಿದ, ಕಣ್ಣು ಇನ್ನೂ ಒದ್ದೆಯಿತ್ತು, ಆದರೆ ನಗುತ್ತಿದ್ದ. "ಹಗುರ ಆತ್ರಿ ಮಾಸ್ತರ," ಅಂದ.

"ಇದನ್ನೂ ಹೇಳಿದ್ರೇನು ಅವನ ಅವ್ವಗ?" ಎಂದು ಅವಳು ಕೇಳಿದಳು.

"ಇಲ್ಲ," ಎಂದ.

ಎತ್ತುಗಳು ತಾವಾಗಿಯೇ ಮುಂದೆ ನಡೆದವು. ಅವಳು ಕಾಳು ಬಿಡತೊಡಗಿದಳು.